ಮೂರು ದಿನದ ಗೋಡೆ

ಕಾಫಿ ಇನ್ನೇನು ಉಕ್ಕಬೇಕು ಅನ್ನುವಾಗ ವಸೀಲಾ ಗ್ಯಾಸಿನ ಕಿವಿ ತಿರುಗಿಸಿಬಿಟ್ಟಳು. ಪಾತ್ರೆಯ ಕತ್ತಿನ ತನಕ ಎದ್ದಿದ್ದ ನೊರೆ, ಯಾಕೆ ಎದ್ದೆನೆಂದು ಮರೆತವನ ಹಾಗೆ ಒಂದು ಗಳಿಗೆ ನಿಂತು ಮೆಲ್ಲಗೆ ಕೆಳಗಿಳಿಯಿತು. ಪಕ್ಕದ ಕೋಣೆಯಲ್ಲಿ ನೀರು ಸುರಿಯುವ ಸದ್ದು ಶುರುವಾಗಿತ್ತು. ಹೆಣ ತೊಳೆಯಲು ಮಯ್ಯತ್ತಿನ ಮೇಲೆ ಮೊದಲ ಚೊಂಬು ನೀರು ಬಿದ್ದಮೇಲೆ ಆ ಮನೆಯಲ್ಲಿ ಮೂರು ದಿನ ಬೆಂಕಿ ಕಾಣಬಾರದು. ಅವಳು ಮನೆಯಲ್ಲಿದ್ದ ಬೆಂಕಿಪೊಟ್ಟಣಗಳನ್ನೆಲ್ಲ ಹುಡುಕಿ ತಂದು, ಗಂಡನ ಅಂಗಿಯ ಜೇಬಿನಲ್ಲಿದ್ದ ಲೈಟರನ್ನೂ ಸೇರಿಸಿ, ಕಪಾಟಿನ ಮೇಲಿಟ್ಟು ಒಂದು ಬೋಗುಣಿ ಕವುಚಿದಳು.

ಹೋದವಳು ಗಂಡನ ಅಕ್ಕ ಶಲ್ಬಿಯಾ. ಎಪ್ಪತ್ತೆರಡು ವರ್ಷ. ನಲವತ್ತೈದು ವರ್ಷ ದೇಶವೆಲ್ಲ ತಿರುಗಿದವಳು, ಎಂದೂ ಇಂಥ ದಿನ ಹೊರಡುತ್ತೇನೆಂದು ಮನೆಯವರಿಗೆ ಮುಂಚಿತವಾಗಿ ಹೇಳಿದವಳಲ್ಲ. ನಿನ್ನೆ ಸಂಜೆಯೂ ಹೇಳಲಿಲ್ಲ. ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ತಮ್ಮನ ಮಗಳು ರಫೀಕಾಳಿಗೆ ಏನೋ ಬೈಯುತ್ತಿದ್ದವಳು ಬೈಗುಳದ ನಡುವೆ ಸುಮ್ಮನಾದಳು. ರಫೀಕಾ ಮುಂದಿನ ಮಾತಿಗಾಗಿ ಕಾದು, ಆಮೇಲೆ ತಿರುಗಿ ನೋಡಿದಳು.

ಆ ರಫೀಕಾ ಈಗ ಎಲ್ಲಿ ಎಂದು ವಸೀಲಾ ಹಿತ್ತಲಿನ ಬಾಗಿಲಲ್ಲಿ ಇಣುಕಿದಳು. ಮಗಳು ಅಂಗಳದ ಮೂಲೆಯಲ್ಲಿ, ನೆರೆಯವಳಾದ ಸಾಸಿಯಾಳ ಮನೆಗೂ ತಮ್ಮ ಮನೆಗೂ ನಡುವಿನ ಕಲ್ಲುಗೋಡೆಯ ಪಕ್ಕ, ಒದ್ದೆ ಗೋಣಿ ಹೊದ್ದ ಹೊಸ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಸೊಂಟದೆತ್ತರದ, ಬಾಯಿ ಮೇಲಕ್ಕಿರುವ, ಬುಡದಲ್ಲಿ ಗಾಳಿಗೊಂದು ಕಿಂಡಿಯಿರುವ ತಬೂನಾ ಒಲೆ. ಒಳಗೆ ಉರಿ ಹಾಕಿ, ಕೆಂಡವಾದ ಮೇಲೆ ಗೋಡೆಗೆ ಹಿಟ್ಟು ತಟ್ಟಿದರೆ ರೊಟ್ಟಿ.

"ಒಳಗೆ ಬಾ. ಅತ್ತೆ ಹತ್ರ ಕೂರೋದು ಬಿಟ್ಟು ಮಣ್ಣಿನ ಹತ್ರ ಕೂತಿದಾಳೆ ಅಂದಾರು."

"ಗಾಳಿ ತಿರುಗಿದೆ ಅಮ್ಮಾ."

ವಸೀಲಾಳಿಗೂ ಆಗಲೇ ಗೊತ್ತಾಯಿತು. ತೆಂಕಣದಿಂದ ಶಹೀಲಿ ಬೀಸುತ್ತಿತ್ತು. ಮರುಭೂಮಿಯ ಬಾಯುಸಿರಿನಂಥ ಗಾಳಿ, ಹಗ್ಗದ ಮೇಲಿನ ಬಟ್ಟೆಯನ್ನು ಎಣಿಸುವಷ್ಟರಲ್ಲಿ ಒಣಗಿಸುವಂಥದ್ದು.

"ಕಟ್ಟಿ ಇವತ್ತು ಏಳನೇ ದಿನ," ಎಂದಳು ರಫೀಕಾ. "ಮಧ್ಯಾಹ್ನಕ್ಕೆ ಒಳಗೆ ಸಣ್ಣ ಉರಿ ಬೀಳ್ಬೇಕಿತ್ತು. ಈಗ ಹೊರಗಡೆಯಿಂದ ಗಾಳಿ ಎಳೀತಿದೆ, ಒಳಗೆ ಇನ್ನೂ ಹಸಿ. ಹಿಂಗೇ ಬಿಟ್ರೆ ಸಂಜೆಗೆ ಕಲ್ಲಂಗಡಿ ಥರ ಬಾಯಿ ಬಿಡುತ್ತೆ."

"ಸಾವಿನ ಮನೇಲಿ ಹೊಗೆ ಎಬ್ಬಿಸಬೇಕಾ ನಾನು?"

"ಎಬ್ಬಿಸು ಅಂತ ಹೇಳಿದ್ನಾ?"

"ಒಡೆದ್ರೆ ಇನ್ನೊಂದು ಮಾಡ್ಕೋ."

ಮಗಳು ತಲೆಯೆತ್ತಿ ತಾಯಿಯನ್ನು ನೋಡಿದಳು. "ಒಡೆದ್ರೆ ಇನ್ನೊಂದು ಮಾಡಲ್ಲ ಅಂತ ಮಾತು ಕೊಟ್ಟಿದೀನಲ್ಲ. ನಿನ್ನ ಕೈ ಮೇಲೇ ಕೈ ಇಟ್ಟು."

ಅದು ನಿಜ. ರಫೀಕಾ ಐದು ವರ್ಷ ಟ್ಯೂನಿಸಿನ ಒಂದು ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ತನ್ನ ಹೆಸರು ಕ್ಲೇರ್ ಎಂದು ಸುಳ್ಳು ಹೇಳಿ, ಫ್ರಾನ್ಸಿನ ಮುದುಕರಿಗೆ ಫೋನಿನ ಯೋಜನೆಗಳನ್ನು ಮಾರುತ್ತಿದ್ದಳು. ಎರಡು ವರ್ಷದ ಕೆಳಗೆ ಅದನ್ನು ಬಿಟ್ಟು ಬಂದು, ಅತ್ತೆಯ ಹಿಂದೆ ಹಳ್ಳಿಹಳ್ಳಿ ತಿರುಗಿ ಮಣ್ಣು ಕಲಸಲು ಶುರುಮಾಡಿದಳು. ಈ ವಸಂತದಲ್ಲಿ ಕಚೇರಿಯವರು ಮತ್ತೆ ಕರೆದರು, ಈ ಸಲ ಮೇಲ್ವಿಚಾರಕಿಯಾಗಿ. ವಸೀಲಾ ಹದಿನೈದು ದಿನ ಅತ್ತಳು. ಕೊನೆಗೆ ರಾಜಿಯಾಯಿತು: ರಫೀಕಾ ಮನೆಗೊಂದು ಒಲೆ ಕಟ್ಟಬೇಕು, ಶಲ್ಬಿಯಾ ಬೆರಳೂ ಸೋಕಿಸಕೂಡದು. ಒಲೆ ನಿಂತರೆ ವಸೀಲಾ ಬಾಯಿ ಮುಚ್ಚಬೇಕು. ಒಡೆದರೆ ರಫೀಕಾ ಬಸ್ಸು ಹತ್ತಬೇಕು.

ಈಗ ಗೆಲ್ಲಲು ವಸೀಲಾ ಏನೂ ಮಾಡಬೇಕಾಗಿರಲಿಲ್ಲ. ಮೂರು ದಿನ ಕೈಕಟ್ಟಿ ಕೂತು ಅತ್ತರೆ ಸಾಕಿತ್ತು.

*

ಶಲ್ಬಿಯಾಳಿಗೆ ಮಕ್ಕಳಾಗಲಿಲ್ಲವೆಂದು ಗಂಡ ಮೂರನೇ ವರ್ಷಕ್ಕೆ ತಲಾಖ್ ಕೊಟ್ಟು ಕಳಿಸಿದಾಗ ಅವಳಿಗೆ ಇಪ್ಪತ್ತೇಳು. ಐನ್ ಸಿದ್ರಾದಲ್ಲಿ ತಮ್ಮನ ಮನೆಯ ಮೂಲೆಯೊಂದು ಅವಳದಾಯಿತು. ತಾಯಿಯಿಂದ ಒಲೆ ಕಟ್ಟುವುದು ಕಲಿತಿದ್ದಳು. ಗಫ್ಸಾ ಕಡೆಗೆ ಮದುವೆಯಾಗಿ ಹೋಗಿದ್ದ ಚಿಕ್ಕಪ್ಪನ ಮಗಳು, ಇಲ್ಲಿನ ಒಲೆಯ ರೊಟ್ಟಿಯ ಹಾಗೆ ಅಲ್ಲಿ ಬರುವುದಿಲ್ಲ, ಬಂದು ಕಟ್ಟಿಕೊಡು ಎಂದು ಹೇಳಿಕಳಿಸಿದಳು. ಹೊರುವ ಒಲೆ ಸಂತೆಯಲ್ಲಿ ಸಿಗುತ್ತದೆ, ಕಟ್ಟುವ ಒಲೆಗೆ ಕಟ್ಟುವವಳೇ ಹೋಗಬೇಕು. ಶಲ್ಬಿಯಾ ಹೊರಟಳು. ಜೊತೆಗೆ ಊರಿನ ಕೆಂಪು ಮಣ್ಣು, ಮೂರು ಮೂಟೆ.

"ಒಳಗೇನು?" ಬಸ್ಸಿನ ಕಂಡಕ್ಟರ್ ಕೇಳಿದ.

"ಮಣ್ಣು."

"ಗಫ್ಸಾದಲ್ಲಿ ಮಣ್ಣಿಲ್ವಾ ತಾಯಿ?"

"ನಮ್ಮ ಮಣ್ಣಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಮೂಟೆ ಮೇಲಕ್ಕೆ ಹೋದವು. ದಾರಿಯಲ್ಲಿ ಮಳೆ ಬಂತು. ಶಲ್ಬಿಯಾ ಈ ಕತೆ ಹೇಳುವಾಗಲೆಲ್ಲ ಮಳೆ ಒಂದಿಷ್ಟು ಜಾಸ್ತಿಯಾಗುತ್ತಿತ್ತು. ಮೇಲಿನಿಂದ ಕೆಂಪು ನೀರು ಕಿಟಕಿಗಳ ಮೇಲೆ ಇಳಿದು, ಹೊರಗಿನ ಆಲಿವ್ ತೋಪುಗಳೆಲ್ಲ ಕೆಂಪಾದವು. ಮುಂದಿನ ಸೀಟಿನ ಮುದುಕನೊಬ್ಬ ಕಯಾಮತ್ತಿನ ದಿನ ಬಂತೆಂದು ಕಲಿಮಾ ಓದತೊಡಗಿದನಂತೆ. ಗಫ್ಸಾದಲ್ಲಿ ಇಳಿದಾಗ ಉಳಿದದ್ದು ಅರ್ಧ ಮೂಟೆ ಕೆಸರು.

ಚಿಕ್ಕಪ್ಪನ ಮಗಳ ಅತ್ತೆ ಬೋರ್ನಿಯಾ ಎಂಬ ಮುದುಕಿ, ಮೂಟೆಯೊಳಗೆ ಬೆರಳದ್ದಿ ನೋಡಿದಳು. "ಮಗಳೇ, ಇದು ಒಲೆಯಲ್ಲ, ಸಾರು." ಆಮೇಲೆ ಶಲ್ಬಿಯಾಳ ಕೈಹಿಡಿದು ಹಿತ್ತಲಿಗೆ ಕರೆದೊಯ್ದು ಒಂದು ಚಿಟಿಕೆ ನೆಲವನ್ನು ಅಂಗೈಗೆ ಹಾಕಿದಳು. "ತಿನ್ನು."

"ಉಪ್ಪು."

"ಉಪ್ಪು ಮಣ್ಣು ಬೆಂಕಿ ತಡೆಯಲ್ಲ. ನಡಿ, ಇನ್ನೊಂದು ಕಡೆ."

ನಾಲ್ಕು ದಿನ ಇಬ್ಬರೂ ಗುಡ್ಡ, ಹಳ್ಳದ ದಂಡೆ, ಹಾಳು ಬಾವಿ ಅಂತ ಮಣ್ಣು ತಿನ್ನುತ್ತ ನಡೆದರು. ಐದನೇ ದಿನ ಸಿಕ್ಕಿದ ಮಣ್ಣು ನಾಲಿಗೆಗೆ ಅಂಟಿ ಬಿಡಲಿಲ್ಲ. ಅದರಲ್ಲಿ ಕಟ್ಟಿದ ಒಲೆ ಇವತ್ತಿಗೂ ಇದೆ. ಅದುವರೆಗೆ ಶಲ್ಬಿಯಾ ತಾನು ಕಟ್ಟಿದ ಒಲೆಗಳ ಒಳಗೋಡೆಯಲ್ಲಿ ಗುರುತಿಗೆಂದು ಒಂದು ಬೆರಳು ಒತ್ತುತ್ತಿದ್ದಳು. ಆ ಜಾಗಕ್ಕೆ ತಟ್ಟಿದ ರೊಟ್ಟಿಯ ಬೆನ್ನಿಗೆ ಬೆರಳಿನ ಗುಬುಟು ಮೂಡುತ್ತಿತ್ತು. ಬೋರ್ನಿಯಾಳ ಒಲೆಯಲ್ಲಿ ಎರಡು ಬೆರಳು ಒತ್ತಿದಳು. ಯಾಕೆಂದು ಕೇಳಿದರೆ, "ಒಂದು ನಮ್ಮೂರ ಮಣ್ಣಿಗೆ, ಇನ್ನೊಂದು ನನ್ನ ಹೊಟ್ಟೇಲಿರೋ ಮಣ್ಣಿಗೆ" ಎನ್ನುತ್ತಿದ್ದಳು.

ಊರಿಗೆ ಮರಳಿದ್ದು ಹದಿನೈದು ದಿನದ ಮೇಲೆ, ಬರಿಗೈಯಲ್ಲಿ. ಆಮೇಲೆ ಎಂದೂ ಮಣ್ಣು ಹೊತ್ತು ಹೋಗಲಿಲ್ಲ.

*

ಹತ್ತು ಗಂಟೆಯ ಹೊತ್ತಿಗೆ ಬಾಡಿಗೆ ವ್ಯಾನುಗಳು ಒಂದೊಂದಾಗಿ ರಸ್ತೆಯಲ್ಲಿ ನಿಲ್ಲತೊಡಗಿದವು. ಇಷ್ಟು ಜನ ಬಂದಾರೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಮಕ್ತರ್, ಕೆಫ್, ಸಿಲಿಯಾನ, ದೂರದ ಗಫ್ಸಾ. ಹೆಂಗಸರು ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಳನ್ನು ಎದೆಗೊತ್ತಿಕೊಂಡು ಇಳಿಯುತ್ತಿದ್ದರು. ವಸೀಲಾಳ ಕೆನ್ನೆಗೆ ಕೆನ್ನೆ ತಾಗಿಸಿ, "ಬರಕತ್ ನಿಮ್ಮಲ್ಲಿ ಉಳೀಲಿ" ಎಂದು ಸಮಾಧಾನ ಹೇಳಿ ಒಳಗೆ ಚಾಪೆಯ ಮೇಲೆ ಕೂರುತ್ತಿದ್ದರು. ಮೊದಲು ಅತ್ತರು. ಆಮೇಲೆ ಅಳುವುದಕ್ಕೂ ಹರಟೆಗೂ ನಡುವೆ ಇರುವ ಆ ಹದಕ್ಕೆ ಬಂದರು.

"ನಮ್ಮನೇಲಿ ಒಂದು ವಾರ ಇದ್ಲು. ನನ್ನ ಗಂಡನ ಗೊರಕೆ ಕೇಳಿ, ಈ ಒಲೆ ಬಾಯಿ ಮುಚ್ಚೋಕೆ ನನ್ನ ಕೈಲಾಗಲ್ಲ ಅಂದಿದ್ಲು."

"ನಮ್ಮತ್ತೆ ಬಾಯಿ ಮುಚ್ಚಿದ್ದೇ ಅವಳು. ಎಂಟು ದಿನ ಅತ್ತೆ ಕೈಲೇ ಮೇಕೆ ಕೂದಲು ಕತ್ತರಿಸಿ ಮಣ್ಣಿಗೆ ಕಲಸಿಸಿದ್ಲು. ಉಸಿರು ತಗೊಳ್ಳೋಕೂ ಪುರುಸೊತ್ತು ಕೊಡಲಿಲ್ಲ."

"ಬೋರ್ನಿಯಾ ಮೊಮ್ಮಗಳು ನಾನು. ಮಳೆ ಕತೆ ಕೇಳಿದೀರಾ?"

"ಕೇಳದೇ ಇರೋರು ಯಾರು."

ವಸೀಲಾ ರೊಟ್ಟಿಗಳನ್ನು ತೆಗೆದು ಬುಟ್ಟಿಯಲ್ಲಿ ಜೋಡಿಸುತ್ತಿದ್ದಳು. ಒಂದನ್ನು ಸುಮ್ಮನೆ ಮಗುಚಿದಳು. ಬೆನ್ನಿನ ಮೇಲೆ ಎರಡು ಗುಬುಟು. ಇನ್ನೊಂದರ ಮೇಲೆ ಮೂರು. ಎಲ್ಲರೂ ತಮ್ಮ ಒಲೆಯ ಬೆರಳುಜಾಗದ ರೊಟ್ಟಿಯನ್ನೇ ಆರಿಸಿ ತಂದಿದ್ದರು, ಯಾರೂ ಯಾರಿಗೂ ಹೇಳದೆ. ವಸೀಲಾ ಮೂವತ್ತರ ತನಕ ಎಣಿಸಿ, ಹೆಣದ ಮನೆಯಲ್ಲಿ ರೊಟ್ಟಿ ಎಣಿಸುತ್ತಾಳೆಂದಾರೆಂದು ನಿಲ್ಲಿಸಿದಳು.

"ಮೂರನೇ ಬೆರಳು ಯಾಕೆ ಬಂತು ಗೊತ್ತಾ?" ತೋಜರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ ಗಜಾಲಾ ಎಂಬ ನೀಳಕಾಯದ ಹೆಂಗಸು ಕೇಳಿದಳು. "ನನ್ನ ಒಲೆ ಅವರು ಮುಟ್ಟಲೇ ಇಲ್ಲ. ನೆರಳಲ್ಲಿ ಸ್ಟೂಲ್ ಹಾಕ್ಕೊಂಡು ಕೂತು, ಹಿಂಗಲ್ಲ ಕತ್ತೆ, ಹಿಂಗಲ್ಲ ಕತ್ತೆ ಅಂತ ನನ್ನ ಕೈಲೇ ಕಟ್ಟಿಸಿದ್ರು. ಕಟ್ಟಿದ ಮೇಲೆ ಬಂದು ಮೂರು ಬೆರಳು ಒತ್ತಿದ್ರು. ಮೂರನೇ ಬೆರಳು ತನ್ನದಲ್ಲ, ಕತ್ತೇದು ಅಂದ್ರು."

ಎಲ್ಲರೂ ನಕ್ಕರು, ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡರು. ಗಜಾಲಾ ವಸೀಲಾಳ ಹತ್ತಿರ ಸರಿದು ದನಿ ತಗ್ಗಿಸಿದಳು. "ಈ ಹೊತ್ತಲ್ಲಿ ಕೇಳಬಾರದು ಅಕ್ಕಾ. ತಿಂಗಳ ಕೊನೆಗೆ ಬರ್ತೀನಿ ಅಂದಿದ್ರು. ನಮ್ಮ ಕಡೆ ಆರು ಜನ ಹೆಂಗಸರು ಸೇರಿ ರೊಟ್ಟಿ ಮಾಡಿ ಮಾರೋಣ ಅಂತಿದೀವಿ. ಆರು ಒಲೆ. ನನಗೆ ನಮ್ಮನೆ ಮಣ್ಣು ಗೊತ್ತು. ಉಳಿದೋರದು ಉಪ್ಪು ನೆಲ. ಅದರ ರುಚಿ ನೋಡೋರು ಇನ್ಯಾರು?"

ವಸೀಲಾ ತಲೆಯೆತ್ತಿ ಹೊರಗೆ ನೋಡಿದಳು. ಕಿಟಕಿಯಾಚೆ ಅಂಗಳದಲ್ಲಿ ಮಗಳು ಮತ್ತೊಂದು ಬಿಂದಿಗೆ ನೀರು ತಂದು ಗೋಣಿಗಳಿಗೆ ಚಿಮುಕಿಸುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಸಾಸಿಯಾ ಬಂದಳು. ಸಾಸಿಯಾ ಮತ್ತು ವಸೀಲಾ ಮಾತು ಬಿಟ್ಟು ಇಪ್ಪತ್ತೆರಡು ವರ್ಷ. ವಸೀಲಾಳ ಗಂಡ ಅಮ್ಮಾರ್ ಕಟ್ಟಿದ ಕಲ್ಲುಗೋಡೆ ತನ್ನ ಒಂದು ಮೊಳ ನೆಲ ನುಂಗಿದೆಯೆಂದು ಸಾಸಿಯಾಳ ವಾದ. ಅಂದಿನಿಂದ ಇಬ್ಬರೂ ಹೇಳಬೇಕಾದ್ದನ್ನು ತಮ್ಮ ತಮ್ಮ ಕೋಳಿಗಳಿಗೆ ಹೇಳುತ್ತಿದ್ದರು, ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ. ಕೋಳಿಗಳ ನಾಲ್ಕೈದು ತಲೆಮಾರು ಆ ಜಗಳ ಕೇಳಿ ಸತ್ತಿದ್ದವು. ಆದರೆ ಸಾವಿನ ಮನೆಗೆ ಮೊದಲ ಊಟ ಪಕ್ಕದ ಮನೆಯದೇ ಆಗಬೇಕು. ಸಾಸಿಯಾ ದೊಡ್ಡ ಮರದ ಬೋಗುಣಿಯಲ್ಲಿ ಕುಸ್ಕುಸ್ ತಂದು ನಡುವೆ ಇಟ್ಟು, ವಸೀಲಾಳ ಭುಜದ ಮೇಲಿನ ಗೋಡೆಯನ್ನು ನೋಡುತ್ತ, "ಬರಕತ್ ಈ ಮನೇಲಿ ಉಳೀಲಿ" ಎಂದಳು.

"ಆಮೀನ್," ಎಂದಳು ವಸೀಲಾ, ಬೋಗುಣಿಗೆ.

ಜನಾಜಕ್ಕೆ ಹೊರಡುವ ಮೊದಲು ರಫೀಕಾ ಬೆಂಕಿಯ ವಿಷಯ ಕೇಳಿಸಲು ತಂದೆಯನ್ನು ಹಿಡಿದಳು. ಅಮ್ಮಾರ್ ಮಸೀದಿಯ ಇಮಾಮ್ ಸೀ ತಯ್ಯಬರನ್ನು ಬಾಗಿಲ ಬಳಿ ಕರೆತಂದ. ಅವರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ಬೆಂಕಿ ಹಚ್ಚಬಾರದು ಅಂತ ಧರ್ಮದಲ್ಲಿ ಎಲ್ಲೂ ಇಲ್ಲಮ್ಮ. ಸತ್ತವರ ಮನೆಗೆ ನೆರೆಯವರು ಅಡುಗೆ ಮಾಡಿ ಕೊಡಿ ಅಂತ ಇದೆ, ಅಷ್ಟೇ."

ಬೆಳಗ್ಗೆ ಮಯ್ಯತ್ ತೊಳೆದಿದ್ದ ಹಾಜ್ಜಾ ತುರ್ಕಿಯಾ ಒಳಗಿನಿಂದಲೇ ಕೇಳಿಸಿಕೊಂಡಳು. ಎಂಬತ್ತಾರು ವರ್ಷ. ಊರಿನ ಎಲ್ಲ ಹುಟ್ಟು ಸಾವುಗಳ ಮೇಲೂ ಅವಳದೇ ಕೊನೆಯ ಮಾತು.

"ಅವರು ಓದಿದ್ದು ಪುಸ್ತಕ. ಪುಸ್ತಕಕ್ಕೆ ಅಕ್ಕಪಕ್ಕದ ಮನೆ ಇರಲ್ಲ. ಈ ಮನೇಲಿ ಹೊಗೆ ಎದ್ರೆ ದಾರೀಲಿ ಹೋಗೋನು ಏನಂತಾನೆ? ಸತ್ತ ಮನೆಗೆ ಒಂದು ಬಟ್ಟಲು ಸಾರು ಕೊಡೋರು ಈ ಊರಲ್ಲಿಲ್ಲ ಅಂತಾನೆ. ಅವಮಾನ ನಿನಗಲ್ಲ ಮಗಳೇ, ಇವಳಿಗೆ." ಸಾಸಿಯಾಳ ಕಡೆ ಗಲ್ಲದಿಂದ ತೋರಿಸಿದಳು.

ಸಾಸಿಯಾ ಬೆನ್ನು ನೆಟ್ಟಗೆ ಮಾಡಿಕೊಂಡಳು. ಸೀ ತಯ್ಯಬ್ ಕನ್ನಡಕ ಹಾಕಿಕೊಂಡು ಗಂಡಸರ ಗುಂಪಿಗೆ ಮರಳಿದರು. ಅವರ ಮನೆಯ ಒಲೆಯೂ ಶಲ್ಬಿಯಾ ಕಟ್ಟಿದ್ದೇ.

ಮಧ್ಯಾಹ್ನದ ನಮಾಜಿಗೆ ಬಾಂಗು ಕೂಗಿತು. ಗಂಡಸರು ಜನಾಜ ಎತ್ತಿದರು. ಹೆಂಗಸರು ಬಾಗಿಲ ತನಕ ಬಂದು ನಿಂತರು. ಹಸಿರು ಬಟ್ಟೆ ಹೊದ್ದ ಮಂಚ ಭುಜದಿಂದ ಭುಜಕ್ಕೆ ಹಾರುತ್ತ ಗುಡ್ಡದ ದಾರಿ ಹಿಡಿಯಿತು. ಜೀವಮಾನವಿಡೀ ಕಿಟಕಿಯ ಸೀಟಿಗಾಗಿ ಜಗಳವಾಡಿದವಳು ಈಗ ಅಂಗಾತ ಮಲಗಿ ಪ್ರಯಾಣ ಮಾಡುತ್ತಿದ್ದಾಳಲ್ಲ ಎಂದು ವಸೀಲಾಳಿಗೆ ಅನ್ನಿಸಿತು. ಆಗ ಅವಳಿಗೆ ನಿಜವಾಗಿ ಅಳು ಬಂತು.

*

ಗೋಡೆಯ ಜಗಳ ಶುರುವಾದ ವರ್ಷ, ಶಲ್ಬಿಯಾ ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದ್ದಳು. "ನಾಳೆ ತೋಜರಿಗೆ ಹೋಗ್ತಿದೀನಿ. ನಾಲ್ಕು ದಿನ. ಬರ್ತೀಯಾ?"

"ನಾನಾ? ನಾನೇನು ಮಾಡಲಿ ಅಲ್ಲಿ?"

"ಏನೂ ಮಾಡ್ಬೇಡ. ಖರ್ಜೂರದ ತೋಟದಲ್ಲಿ ಕೂತ್ಕೋ. ಮದುವೆಯಾದಾಗಿಂದ ಕೆಫ್ ಆಸ್ಪತ್ರೆ ಬಿಟ್ಟು ಏನು ನೋಡಿದೀಯಾ ನೀನು?"

ವಸೀಲಾ ರಾತ್ರಿ ಎರಡು ಉಡುಪು, ಬಾಚಣಿಗೆ, ಒಂದು ಡಬ್ಬಿ ಹರೀಸಾ ಖಾರ ಚೀಲಕ್ಕೆ ಹಾಕಿದಳು. ಒಂಬತ್ತು ವರ್ಷದ ರಫೀಕಾಳನ್ನು ತವರಿಗೆ ಬಿಡುವುದೆಂದಾಯಿತು. ಬೆಳಗ್ಗೆ ಚೀಲ ಹೆಗಲಿಗೆ ಹಾಕುವ ಹೊತ್ತಿಗೆ ಗೋಡೆಯಾಚೆ ಸಾಸಿಯಾ ಕೋಳಿಗಳಿಗೆ ಹೇಳುತ್ತಿದ್ದುದು ಕೇಳಿಸಿತು: ನಾಳೆ ತಮ್ಮಂದಿರು ಬರುತ್ತಾರೆ, ಕಲ್ಲು ಕಿತ್ತು ನಮ್ಮ ಮೊಳ ನಾವು ತಗೋತೀವಿ. ಅಮ್ಮಾರ್ ಹೊಲದಲ್ಲಿರುತ್ತಾನೆ. ಮನೆಯಲ್ಲಿ ಯಾರಿಲ್ಲದಿದ್ದರೆ?

"ನೀನು ಹೋಗು," ಎಂದಳು ವಸೀಲಾ. "ನಾನು ಗೋಡೆ ಕಾಯ್ಬೇಕು."

ಶಲ್ಬಿಯಾ ಗೋಡೆಯನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದಳು. ಆಮೇಲೆ ಬಸ್ಸಿಗೆ ನಡೆದಳು. ತಮ್ಮಂದಿರು ಬರಲಿಲ್ಲ. ನಾಲ್ಕು ದಿನ ವಸೀಲಾ ಬಾಗಿಲಲ್ಲಿ ಕೂತು ಕಲ್ಲು ನೋಡಿದಳು. ಶಲ್ಬಿಯಾ ಮತ್ತೆಂದೂ ಕರೆಯಲಿಲ್ಲ. ವಸೀಲಾ ಚೀಲ ಬಿಚ್ಚುವಾಗ ಹರೀಸಾ ಡಬ್ಬಿ ಸೋರಿ ಒಂದು ಉಡುಪು ಕೆಂಪಾಗಿತ್ತು.

*

ಜನಾಜ ತಿರುವಿನಲ್ಲಿ ಮರೆಯಾದಮೇಲೆ ಹೆಂಗಸರು ಒಳಕ್ಕೆ ಬಂದರು. ವಸೀಲಾ ಮಾತ್ರ ಹಿತ್ತಲಿಗೆ ಹೋದಳು. ರಫೀಕಾ ಗೋಣಿ ಸರಿಸಿ ಒಲೆಯ ಬಾಯಂಚನ್ನು ನೋಡುತ್ತಿದ್ದಳು. ಅಲ್ಲಿ ಕೂದಲೆಳೆಯಷ್ಟು ಬಿರುಕು, ಒಂದು ಗೇಣು ಉದ್ದ.

"ಈಗ್ತಾನೆ ಶುರುವಾಯ್ತು," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. "ಇನ್ನು ಹೆಚ್ಚು ಹೊತ್ತಿಲ್ಲ."

"ಈಗ ಬೆಂಕಿ ಬಿದ್ರೆ?"

"ಸಣ್ಣಗೆ ಬಿದ್ರೆ ಅಲ್ಲಿಗೇ ನಿಲ್ಲುತ್ತೆ. ಬಿಡಮ್ಮಾ. ನೀನೇ ಗೆದ್ದೆ. ಬಸ್ಸಿಗೆ ಚೀಲ ಕಟ್ತೀನಿ."

ಚೀಲ ಎಂಬ ಮಾತು ಕೇಳಿ ವಸೀಲಾ ಮಗಳ ಕೈ ನೋಡಿದಳು. ಉಗುರುಸಂದಿಯಲ್ಲೆಲ್ಲ ಮಣ್ಣು. ಕ್ಲೇರಳ ಕಾಲದಲ್ಲಿ ಆ ಉಗುರುಗಳಿಗೆ ಗುಲಾಬಿ ಬಣ್ಣವಿತ್ತು, ಊರಿಗೆ ಬಂದಾಗಲೆಲ್ಲ ಅವನ್ನು ಕಚ್ಚುತ್ತ ಕೂತಿರುತ್ತಿದ್ದಳು. ಈಗ ಕಚ್ಚುವುದು ನಿಂತಿತ್ತು. ಎರಡು ವರ್ಷದಲ್ಲಿ ಅದನ್ನು ಗಮನಿಸಿರಲಿಲ್ಲವೆಂದಲ್ಲ, ಒಪ್ಪಿಕೊಂಡಿರಲಿಲ್ಲ.

ಅವಳು ಒಳಗೆ ಹೋಗಿ ಚಾಪೆಯ ನಡುವೆ ನಿಂತಳು.

"ಸಾಸಿಯಾ."

ಹೆಂಗಸರೆಲ್ಲ ತಲೆಯೆತ್ತಿದರು. ಸಾಸಿಯಾ ತನ್ನ ಹಿಂದೆ ಯಾವುದಾದರೂ ಕೋಳಿ ಇದೆಯೇ ಎಂಬಂತೆ ತಿರುಗಿ ನೋಡಿದಳು.

"ನಿನ್ನ ಮೊಳ ಎಲ್ಲಿಂದ ಎಲ್ಲಿಗೆ?"

"ಏನು?"

"ಇಪ್ಪತ್ತೆರಡು ವರ್ಷದಿಂದ ಕೇಳ್ತಿದೀಯಲ್ಲ. ಬಂದು ತೋರ್ಸು."

ಎಲ್ಲರೂ ಎದ್ದು ಹಿಂದೆ ಬಂದರು. ಸಾಸಿಯಾ ಗೋಡೆಯ ಬಳಿ ನಿಂತು, ಅನುಮಾನದಿಂದ ವಸೀಲಾಳ ಮುಖ ನೋಡುತ್ತ, ಮೊಣಕೈಯಿಂದ ಬೆರಳತುದಿಯ ತನಕ ಅಳೆದು ತೋರಿಸಿದಳು. ಒಲೆಯ ಅರ್ಧಕ್ಕೆ ಬಂತು.

"ಒಂದು ಮೊಳ ಸಾಲದು. ಎರಡು ತಗೋ," ಎಂದಳು ವಸೀಲಾ. "ಒಲೆ ಪೂರ್ತಿ ನಿನ್ನ ಕಡೆ ಬರ್ಲಿ. ಮೂರು ದಿನಕ್ಕೆ."

"ಆಮೇಲೆ?"

"ಆಮೇಲೆ ಜಗಳ ಆಡೋಣ."

ಸಾಸಿಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಅವಳು ಒಲೆಯನ್ನೂ ಗಾಳಿ ಬೀಸುವ ದಿಕ್ಕನ್ನೂ ನೋಡಿದಳು. "ನನ್ನ ಮನೇಲಿ ನಾನು ಒಲೆ ಹಚ್ಚೋಕೆ ಯಾರಪ್ಪಣೆ ಬೇಕು," ಎಂದು ಹೇಳಿ, ತೋಳು ಮಡಿಸಿ ಗೋಡೆಯ ಮೇಲಿನ ಮೊದಲ ಕಲ್ಲನ್ನು ತಾನೇ ಎತ್ತಿದಳು.

ಗಾರೆಯಿಲ್ಲದ, ಎದೆಮಟ್ಟದ ಗೋಡೆ. ಶೋಕಕ್ಕೆ ಬಂದ ಇಪ್ಪತ್ತು ಮೂವತ್ತು ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಒಲೆಯ ಹಿಂದಿನ ಗೋಡೆ ಇಳಿಯಿತು, ಒಲೆಯ ಮುಂದೆ ಏರಿತು. ಗಜಾಲಾ, "ಹಿಂಗಲ್ಲ ಕತ್ತೆ, ಚಪ್ಪಟೆ ಬದಿ ಕೆಳಗೆ" ಎಂದು ಯಾರಿಗೋ ಗದರಿದಳು. ಯಾರೋ ನಗುತ್ತ ಅಳುತ್ತಿದ್ದರು. ಕೋಳಿಗಳು ತಮ್ಮ ಜನ್ಮದಲ್ಲಿ ಮೊದಲ ಸಲ ಆ ಕಡೆಯಿಂದ ಈ ಕಡೆಗೆ ದಾಟಿ, ಇಲ್ಲೂ ಅದೇ ಮಣ್ಣೆಂದು ಕೆದಕತೊಡಗಿದವು.

ಹಾಜ್ಜಾ ತುರ್ಕಿಯಾಳನ್ನು ಕುರ್ಚಿಸಮೇತ ಹೊತ್ತು ತಂದರು.

"ಬೆಂಕಿ ಎಲ್ಲಿ ಬೀಳುತ್ತೆ?" ಕೇಳಿದಳು.

"ಸಾಸಿಯಾ ಮನೇಲಿ."

"ಸಾಸಿಯಾ ಮನೇಲಿ ಯಾರು ಸತ್ತಿದಾರೆ?"

"ಯಾರೂ ಇಲ್ಲ, ದೇವರ ದಯೆ."

"ಮತ್ತೆ ನನ್ನನ್ನ ಯಾಕೆ ಹೊತ್ತು ತಂದ್ರಿ?"

ರಫೀಕಾ ಗೋಡೆಯ ಈಚೆಗೇ ನಿಂತಳು. ಸಾವಿನ ಮನೆಯವಳು ಬೆಂಕಿ ಮುಟ್ಟುವ ಹಾಗಿಲ್ಲ. ಹೊಸ ಗೋಡೆಯ ಮೇಲೆ ಎರಡೂ ಕೈಯೂರಿ ಒಲೆಯ ಬಾಯೊಳಗೆ ಬಗ್ಗಿ ನೋಡಿದಳು. ಸಾಸಿಯಾ ಕಡ್ಡಿ ಗೀರಿದಳು.

"ಮೊದಲು ಹೊಟ್ಟು ಚಿಕ್ಕಮ್ಮಾ. ಸೌದೆ ಬೇಡ. ಒಂದು ಹಿಡಿ, ಅಷ್ಟೇ."

"ನಾನು ಹುಟ್ಟಿದಾಗಿಂದ ಒಲೆ ಹಚ್ಚಿದೀನಿ ಕಣೇ."

"ಈಗಷ್ಟೇ ಹುಟ್ಟಿದ ಒಲೆಗೆ ಹಚ್ಚಿಲ್ಲ. ಇನ್ನೂ ಸಣ್ಣಗೆ. ಕಿಂಡಿ ಅರ್ಧ ಮುಚ್ಚಿ. ಬಿರುಕಿನ ಕಡೆ ಅಲ್ಲ, ಈ ಕಡೆಗೆ ತಳ್ಳಿ. ಹಿಂಗಲ್ಲ."

ಅವಳು ಕತ್ತೆ ಎನ್ನಲಿಲ್ಲ. ಆದರೆ ಆ ಮಾತು ಬರಬೇಕಾಗಿದ್ದ ಜಾಗದಲ್ಲಿ ಎಲ್ಲರಿಗೂ ಅದು ಕೇಳಿಸಿತು. ಗಜಾಲಾ ವಸೀಲಾಳನ್ನು ಮೊಣಕೈಯಿಂದ ತಿವಿದಳು. ಮೂರು ಗಂಟೆ ಹೊತ್ತು ರಫೀಕಾ ಹೀಗೇ ಗೋಡೆಯ ಮೇಲಿಂದ ಹೇಳುತ್ತ, ಸಾಸಿಯಾ ಗೊಣಗುತ್ತ ಮಾಡುತ್ತ ಹೋದರು. ಹೊಟ್ಟಿನಿಂದ ಒಣ ಸೊಪ್ಪಿಗೆ, ಸೊಪ್ಪಿನಿಂದ ಆಲಿವ್ ಕೊಂಬೆಗೆ. ಬಿರುಕು ಒಂದು ಗೇಣಿಗೇ ನಿಂತಿತು. ಒಲೆಯ ಒಳಗು ಮೊದಲು ಕಪ್ಪಾಗಿ, ಆಮೇಲೆ ಕಪ್ಪು ಉರಿದುಹೋಗಿ ಬೆಳ್ಳಗಾಯಿತು.

ಸಂಜೆ ಗಂಡಸರು ಮರಳಿದರು. ಅಮ್ಮಾರ್ ಹಿತ್ತಲಿಗೆ ಕಾಲು ತೊಳೆಯಲು ಬಂದವನು ನಿಂತುಬಿಟ್ಟ. ತಾನು ನೂಲು ಹಿಡಿದು ನೇರವಾಗಿ ಕಟ್ಟಿದ್ದ ಗೋಡೆಗೆ ಹೊಟ್ಟೆ ಬಂದು, ಅದು ತನ್ನದೇ ಅಂಗಳದೊಳಕ್ಕೆ ಉಬ್ಬಿಕೊಂಡಿತ್ತು. ಅದರಾಚೆ ಹೊಗೆ.

"ಇದೇನು?"

"ಮೂರು ದಿನ," ಎಂದಳು ವಸೀಲಾ.

"ಮೂರು ದಿನದ ಮೇಲೆ?"

"ನಿಂಗೆ ಕಾಲು ತೊಳೆಯೋಕೆ ಜಾಗ ಇದೆಯಲ್ಲ?"

ಅವನು ಬುದ್ಧಿವಂತ. ಕಾಲು ತೊಳೆದುಕೊಂಡ.

ಗಜಾಲಾ ಹೊರಡಲು ಶಾಲು ಹೊದ್ದು ಬಂದಳು. ವ್ಯಾನಿನವನು ರಸ್ತೆಯಲ್ಲಿ ಹಾರನ್ ಮಾಡುತ್ತಿದ್ದ.

"ಹಾಗಾದ್ರೆ ತಿಂಗಳ ಕೊನೆಗೆ," ಎಂದಳು, ಗೋಡೆಗೊರಗಿದ್ದ ರಫೀಕಾಳಿಗೆ.

"ಬರ್ತೀನಿ."

"ಒಬ್ಬಳೇನಾ?"

ರಫೀಕಾ ತಾಯಿಯ ಕಡೆ ನೋಡಲಿಲ್ಲ. ವಸೀಲಾ ಬಿಂದಿಗೆಯನ್ನು ಎತ್ತಿ, ಒಂದಡಿ ಆಚೆ ಇಟ್ಟು, ಮತ್ತೆ ಮೊದಲಿದ್ದ ಜಾಗಕ್ಕೇ ಇಟ್ಟಳು.

"ತೋಜರಲ್ಲಿ ಆ ಹೊತ್ತಿಗೆ ಬಿಸಿಲು ಹೆಂಗಿರುತ್ತೆ?" ಎಂದು ಕೇಳಿದಳು, ಬಿಂದಿಗೆಯನ್ನೇ ನೋಡುತ್ತ.

ಗಜಾಲಾ ಉತ್ತರಿಸುವ ಮೊದಲೇ ಗೋಡೆಯ ಮೇಲೆ ಸಾಸಿಯಾಳ ಕೈ ಕಾಣಿಸಿತು. ಮಸಿ ಬಳಿದ ಕೈಯಲ್ಲಿ ಬಟ್ಟೆಯೊಳಗೆ ಒಂದು ರೊಟ್ಟಿ. "ಸತ್ತ ಮನೆಯವರಿಗೆ," ಎಂದು ದನಿ ಬಂತು. "ಪಕ್ಕದ ಮನೆಯಿಂದ."

ವಸೀಲಾ ತೆಗೆದುಕೊಂಡಳು. ಸುಡುತ್ತಿತ್ತು. ಈ ಕೈಯಿಂದ ಆ ಕೈಗೆ ಹಾರಿಸುತ್ತ, ಊದುತ್ತ, ಮಗುಚಿದಳು. ಬೂದಿ ಮೆತ್ತಿದ ಬೆನ್ನಿನ ನಡುವೆ, ಹೆಬ್ಬೆರಳಿಗಿಂತ ಚಿಕ್ಕದಾಗಿ, ಮಗಳ ಒಂದೇ ಒಂದು ಬೆರಳಿನ ಗುಬುಟು ಎದ್ದಿತ್ತು, ಉಗುರಿನ ಗೆರೆಯ ಸಮೇತ.